ಮೆಲ್ಲಗೆ ನಡೆಸಿ ಕೆಡಿಸಿದ ಇಂಜಿನ್‌ಗಳು

ಹೊಸ ಟ್ರ್ಯಾಕ್ಟರ್ ತಂದವನಿಗೆ ನಮ್ಮ ವಿಜಯಪುರದ ಕಡೆ ಉಪದೇಶದ ಬರವಿಲ್ಲ. ಇಂಡಿಯ ಚಹಾದಂಗಡಿಯಲ್ಲಿ ಕೇಳಿ, ಮುದ್ದೇಬಿಹಾಳದ ಸಂತೆಯಲ್ಲಿ ಕೇಳಿ, ಸಿಂದಗಿಯ ಗ್ಯಾರೇಜಿನ ಮುಂದೆ ಕಟ್ಟೆಯ ಮೇಲೆ ಕೂತವರನ್ನು ಕೇಳಿ, ಸಿಗುವುದು ಎರಡೇ ಮಾತು. "ಇಂಜಿನ್ ಇನ್ನಾ ಟೈಟ್ ಐತಿ ತಮ್ಮಾ, ಆರ್ ತಿಂಗಳ ಮೆಲ್ಲಗ ನಡಸು." ಇದು ಮೊದಲನೆಯದು. "ಆಯಿಲ್ ಕರ್ರಗಾಗೂತನಾ ಮುಟ್ಟಬ್ಯಾಡ, ಸುಮ್ನ ರೊಕ್ಕ ದಂಡ." ಇದು ಎರಡನೆಯದು. ಹೇಳುವವರು ಹಿರಿಯರು, ಹತ್ತಾರು ಹಂಗಾಮು ಕಂಡವರು. ಕೇಳುವವನು ಎಂಟು-ಒಂಬತ್ತು ಲಕ್ಷದ ಗಾಡಿಗೆ ಸಾಲದ ಕಾಗದ ಬರೆದುಕೊಟ್ಟು ಬಂದವನು. ಅಂಥವನ ಕಿವಿಗೆ "ಮೆಲ್ಲಗ" ಎನ್ನುವ ಮಾತೂ "ರೊಕ್ಕ ಉಳೀತೈತಿ" ಎನ್ನುವ ಮಾತೂ ಎಷ್ಟು ಹಿತವಾಗಿ ಬೀಳುತ್ತವೆ ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡೂ ಮಾತು ತಪ್ಪು. ಸ್ವಲ್ಪ ಹೆಚ್ಚುಕಮ್ಮಿಯ ತಪ್ಪೂ ಅಲ್ಲ, ತಳದಿಂದಲೇ ತಪ್ಪು. ಹೊಸ ಇಂಜಿನ್ ಹದವಾದ ಭಾರವನ್ನು ಬೇಡುತ್ತದೆ, ಮತ್ತು ತನ್ನ ಮೊದಲ ಆಯಿಲನ್ನು ಬೇಗ ಹೊರಗೆ ಹಾಕಬೇಕೆಂದು ಬೇಡುತ್ತದೆ. ನಾವು ಭಾರ ಕೊಡಬೇಕಾದಲ್ಲಿ ಕರುಣೆ ತೋರಿಸುತ್ತೇವೆ, ಖರ್ಚು ಮಾಡಬೇಕಾದಲ್ಲಿ ಜಿಪುಣತನ ತೋರಿಸುತ್ತೇವೆ. ನಾಲ್ಕು ವರ್ಷಕ್ಕೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂದಾಗ ಕಂಪನಿಯನ್ನು ಬೈಯುತ್ತೇವೆ.

ಬಸವನ ಬಾಗೇವಾಡಿಯ ಸುತ್ತ ಟ್ರ್ಯಾಕ್ಟರ್ ಮನೆ ತುಂಬುವುದಕ್ಕೆ ದಿನ ಗೊತ್ತಿರುತ್ತದೆ. ಬಸವ ಜಯಂತಿ ಮತ್ತು ಅಕ್ಷಯ ತೃತೀಯ ಒಂದೇ ದಿನ. ಅಂದು ಎತ್ತಿನ ಕೊರಳಿಗೆ ಬೀಳುವ ಹಾರ ಟ್ರ್ಯಾಕ್ಟರಿನ ಬಾನೆಟ್ಟಿಗೂ ಬೀಳುತ್ತದೆ. ಇನ್ನೊಂದು ಹಂಗಾಮು ದಸರೆ-ದೀಪಾವಳಿಯದು. ನಾಲ್ಕು ಗಾಲಿಯ ಕೆಳಗೆ ನಾಲ್ಕು ಲಿಂಬೆಹಣ್ಣು ಇಟ್ಟು ಹಾಯಿಸುತ್ತಾರೆ. ಜಿಐ ಮಾನ್ಯತೆ ಪಡೆದ ಇಂಡಿ ಲಿಂಬೆಗೆ ಇಂಥ ಗತಿ ಬರಬಾರದಿತ್ತು, ಇರಲಿ. ಪೂಜೆಯಾದ ಮೇಲೆ ಈ ಎರಡು ಹಂಗಾಮಿನ ಗಾಡಿಗಳ ಬದುಕು ಬೇರೆಬೇರೆ ದಾರಿ ಹಿಡಿಯುತ್ತದೆ. ಕೆಡುವ ರೀತಿಯೂ ಬೇರೆಬೇರೆ.

ಮೊದಲು ಬಸವ ಜಯಂತಿಯ ಗಾಡಿ. ಮಿರಗದ ಮಳೆಗೆ ಇನ್ನೂ ತಿಂಗಳಿದೆ. ಬಿಸಿಲು ನಲವತ್ತು ಡಿಗ್ರಿ ದಾಟಿದೆ. ಹೊಲದಲ್ಲಿ ಪಲ್ಟಿ ನೇಗಿಲು ಹೊಡೆಯುವ ಕೆಲಸ ಇದ್ದೇ ಇದೆ. ಆದರೆ ಹೊಸ ಗಾಡಿಯನ್ನು ಗಟ್ಟಿ ಎರೆಗೆ ಇಳಿಸಲು ಮನಸ್ಸು ಬರುವುದಿಲ್ಲ, ಹಾಗಾಗಿ ಆ ಕೆಲಸಕ್ಕೆ ಬಾಡಿಗೆಯ ಟ್ರ್ಯಾಕ್ಟರ್ ಕರೆಸುತ್ತಾರೆ! ಸ್ವಂತದ್ದು ಮನೆಯ ಮುಂದೆ ನಿಂತು ಗುಡುಗುಡು ಅನ್ನುತ್ತಿರುತ್ತದೆ. ಹುಡುಗರು ದೊಡ್ಡ ಸ್ಪೀಕರ್ ಕೂಡಿಸಿ ಹಾಡು ಹಚ್ಚುತ್ತಾರೆ, ಬ್ಯಾಟರಿ ಇಳಿಯಬಾರದೆಂದು ಇಂಜಿನ್ ಚಾಲೂ ಇಡುತ್ತಾರೆ. ಹೆಚ್ಚೆಂದರೆ ಒಂದು ನೀರಿನ ಟ್ಯಾಂಕರ್, ಒಂದು ಮದುವೆಯ ಸಾಮಾನು. "ಖಾಲಿ ಓಡ್ಸಿ ಸೆಟ್ ಮಾಡಾಕತ್ತೀವ್ರಿ" ಎಂದು ಹೆಮ್ಮೆಯಿಂದ ಹೇಳುವವರನ್ನು ನಾನು ಈ ನಾಲ್ಕೂ ತಾಲ್ಲೂಕುಗಳಲ್ಲಿ ಕಂಡಿದ್ದೇನೆ.

ಸೆಟ್ ಆಗಬೇಕಾದದ್ದು ಯಾವುದು? ಸಿಲಿಂಡರಿನ ಲೈನರ್ ಒಳಮೈ ಪೂರ್ತಿ ನುಣುಪಾಗಿರುವುದಿಲ್ಲ, ಇರಲೂಬಾರದು. ಕಾರ್ಖಾನೆಯಲ್ಲಿ ಹೋನಿಂಗ್ ಕಲ್ಲಿನಿಂದ ಒಂದನ್ನೊಂದು ಅಡ್ಡ ಹಾಯುವ ಸಣ್ಣ ಗೆರೆಗಳನ್ನು ಬೇಕೆಂದೇ ಕೊರೆದಿರುತ್ತಾರೆ. ಆ ಗೆರೆಗಳಲ್ಲಿ ಆಯಿಲ್ ನಿಲ್ಲುತ್ತದೆ. ಗೆರೆಗಳ ನಡುವಿನ ಏಣುಗಳ ತುದಿ ಮಾತ್ರ ಸವೆಯಬೇಕು. ಪಿಸ್ಟನ್ ರಿಂಗಿನ ಅಂಚೂ ಅಷ್ಟೇ ಸವೆದು ಲೈನರಿನ ದುಂಡಿಗೆ ಕೂದಲೂ ತೂರದಂತೆ ಹೊಂದಿಕೊಳ್ಳಬೇಕು. ಮಿಸ್ತ್ರಿಗಳು "ರಿಂಗ್ ಕುಂತು" ಎನ್ನುವುದು ಇದಕ್ಕೆ. ಈ ಕೆಲಸದ ಹೆಚ್ಚಿನ ಪಾಲು ಮೊದಲ ಕೆಲವೇ ತಾಸುಗಳಲ್ಲಿ ಮುಗಿಯುತ್ತದೆ. ಆಗ ಕೂತರೆ ಕೂತಿತು. ಆರು ತಿಂಗಳ ಕಾಲಾವಕಾಶ ಅದಕ್ಕಿಲ್ಲ.

ರಿಂಗನ್ನು ಲೈನರಿಗೆ ಒತ್ತಿ ಹಿಡಿಯುವುದು ಯಾವ ಬಲ ಎನ್ನುವುದರಲ್ಲಿ ಇಡೀ ವಾದದ ಜೀವ ಇದೆ. ರಿಂಗಿಗೆ ತನ್ನದೇ ಸ್ಪ್ರಿಂಗಿನ ಬಲ ಇದೆ, ಆದರೆ ಅದು ಅಲ್ಪ. ಡೀಸೆಲ್ ಉರಿದಾಗ ಏಳುವ ಅನಿಲದ ಒತ್ತಡ ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಕ್ಕೆ ದಬ್ಬುತ್ತದೆ. ನಿಜವಾದ ಒತ್ತು ಅದೇ. ಹೊಲದಲ್ಲಿ ಭಾರ ಬಿದ್ದಷ್ಟೂ ಪಂಪ್ ಹೆಚ್ಚು ಡೀಸೆಲ್ ಕೊಡುತ್ತದೆ, ಒತ್ತಡ ಏರುತ್ತದೆ, ರಿಂಗ್ ಲೈನರನ್ನು ಬಿಗಿಯಾಗಿ ಉಜ್ಜುತ್ತದೆ, ಏಣುಗಳು ಸವೆಯುತ್ತವೆ. ಖಾಲಿ ನಿಂತ ಇಂಜಿನ್ನಿನಲ್ಲಿ ಈ ಒತ್ತಡ ಇಲ್ಲ. ರಿಂಗ್ ಸಡಿಲವಾಗಿ ಮೇಲೆ ಕೆಳಗೆ ಆಡುತ್ತದೆ. ಉರಿದ ಅನಿಲ ಸಂದಿಯಿಂದ ಕೆಳಗೆ ಸೋರಿ ಸಂಪಿಗೆ, ಅಂದರೆ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತದೆ, ಸಂಪಿನ ಆಯಿಲ್ ಮೇಲೇರುತ್ತದೆ. ಮೇಲೇರಿದ ಆಯಿಲ್ ಅರ್ಧ ಬೆಂದು ಲೈನರಿನ ಮೈಗೆ ವಾರ್ನಿಷ್ ಆಗಿ ಹಿಡಿಯುತ್ತದೆ, ಹೋನಿಂಗಿನ ಗೆರೆಗಳು ತುಂಬಿ ಹೋಗುತ್ತವೆ. ಹಾಗೆ ಗ್ಲೇಜ್ ಆದ ಲೈನರಿನ ಮೇಲೆ ಆಮೇಲೆ ಎಷ್ಟು ಭಾರ ಹಾಕಿದರೂ ರಿಂಗ್ ನೆಟ್ಟಗೆ ಕೂರುವುದು ಕಷ್ಟ. ಅದಕ್ಕೆ ಇರುವ ಮದ್ದು ಒಂದೇ, ಇಂಜಿನ್ ಬಿಚ್ಚಿ ಮತ್ತೆ ಹೋನಿಂಗ್ ಮಾಡಿಸುವುದು.

ಇನ್ನೂ ಒಂದಿದೆ. ಐಡಲ್‌ನಲ್ಲಿ ನಿಂತ ಡೀಸೆಲ್ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಕಾಯದ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಲೈನರಿನ ಮೇಲಿನ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗೆ ಇಳಿಯುತ್ತದೆ, ಸಂಪಿನ ಆಯಿಲನ್ನು ತೆಳ್ಳಗೆ ಮಾಡುತ್ತದೆ. ಗೇಜ್ ಕಡ್ಡಿ ತೆಗೆದು ನೋಡಿದ ಮಾಲೀಕ, "ನೋಡ್ರಿ, ಒಂದ್ ಹನಿ ಆಯಿಲ್ ಕಮ್ಮಿ ಆಗಿಲ್ಲ" ಎಂದು ಖುಷಿ ಪಡುತ್ತಾನೆ. ಆಯಿಲ್ ಕಡಿಮೆಯಾದ ಜಾಗವನ್ನು ಡೀಸೆಲ್ ತುಂಬಿದೆ ಎನ್ನುವುದು ಕಡ್ಡಿಯ ಮೇಲೆ ಬರೆದಿರುವುದಿಲ್ಲ. ಮೂಗಿನ ಹತ್ತಿರ ಹಿಡಿದರೆ ಮಾತ್ರ ಗೊತ್ತಾಗುತ್ತದೆ.

ತಾಸಿನ ಮೀಟರೂ ಈ ಭ್ರಮೆಗೆ ತನ್ನ ಪಾಲು ಸೇರಿಸುತ್ತದೆ. ಯಾಂತ್ರಿಕ ಮೀಟರ್ ಇರುವ ಟ್ರ್ಯಾಕ್ಟರುಗಳಲ್ಲಿ ಅದು ಗಡಿಯಾರದ ತಾಸನ್ನು ಎಣಿಸುವುದಿಲ್ಲ, ಇಂಜಿನ್ನಿನ ಸುತ್ತುಗಳನ್ನು ಎಣಿಸುತ್ತದೆ. ಕೆಲಸದ ವೇಗದಲ್ಲಿ ಓಡಿದಾಗ ಒಂದು ತಾಸಿಗೆ ಒಂದು ತಾಸು. ಐಡಲ್‌ನಲ್ಲಿ ಎರಡು ತಾಸು ನಿಂತರೂ ಮೀಟರಿನಲ್ಲಿ ಒಂದರ ಹತ್ತಿರ ತಿರುಗುತ್ತದೆ. ಮೀಟರ್ 30 ತೋರಿಸುವಾಗ ಗಾಡಿ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಚಾಲೂ ಇದ್ದಿರಬಹುದು, ಅದೂ ಕೆಟ್ಟ ಹೊತ್ತು.

ನಮ್ಮ ಹಿರಿಯರಿಗೆ ಇದು ತಿಳಿಯದ ವಿದ್ಯೆಯೇನಲ್ಲ. ಖಿಲಾರಿ ಹೋರಿಯನ್ನು ಪಳಗಿಸುವವರು ಅದನ್ನು ವರ್ಷಗಟ್ಟಲೆ ಗ್ವಾದಲಿಯಲ್ಲಿ ಕಟ್ಟಿ ಹಿಂಡಿ ಹಾಕುವುದಿಲ್ಲ. ಹಾಗೆಂದು ಮೊದಲ ದಿನವೇ ತುಂಬಿದ ಬಂಡಿಗೂ ಹೂಡುವುದಿಲ್ಲ. ಪಳಗಿದ ಎತ್ತಿನ ಜೋಡಿ ಮಾಡಿ ಹಗುರ ಕುಂಟಿಗೆ ಹೂಡುತ್ತಾರೆ, ಒಂದಿಷ್ಟು ಎಳೆಸಿ ಬಿಡುತ್ತಾರೆ, ಮತ್ತೆ ಹೂಡುತ್ತಾರೆ. ಎತ್ತಿನ ವಿಷಯದಲ್ಲಿ ಇಷ್ಟು ನಾಜೂಕಾಗಿ ಯೋಚಿಸಿದ ಸೀಮೆ ಕಬ್ಬಿಣದ ವಿಷಯ ಬಂದೊಡನೆ ಬುದ್ಧಿಯನ್ನು ಕಟ್ಟೆಯ ಮೇಲೆ ಬಿಟ್ಟು ಬಂದದ್ದೇಕೆ?

ಈಗ ದಸರೆಯ ಗಾಡಿ. ಅದರ ಸಾಲದ ಕಂತು ಕಬ್ಬಿನ ಬಾಡಿಗೆಯಿಂದ ತೀರಬೇಕು. ಭೀಮೆಯ ದಂಡೆಯಲ್ಲಿ, ಕೃಷ್ಣೆಯ ಕಾಲುವೆ ಬಂದ ಕಡೆಗಳಲ್ಲಿ ಕಬ್ಬು ಕಡಿಯಲು ಶುರುವಾಗಿದೆ. ಹಾರ ಬಾಡುವ ಮೊದಲೇ ಎರಡು ಟ್ರೇಲರ್ ಸಿಕ್ಕಿಸಿ, ಕಬ್ಬನ್ನು ಆಚೆ ಈಚೆ ಚಾಚುವಂತೆ ಹೇರಿ, ರಸ್ತೆಗೆ ಬಿಡುತ್ತಾರೆ. ಇಲ್ಲಿ ಯಾರೂ ಕರುಣೆ ತೋರಿಸುತ್ತಿಲ್ಲವಲ್ಲ ಎನ್ನಬಹುದು. ಡ್ರೈವರನನ್ನು ಕೇಳಿ ನೋಡಿ. "ಹೊಸಾ ಗಾಡಿ ಅಲ್ರಿ, ಭಾಳ ಮೆಲ್ಲಗ ಹೊಡೀತೀನ್ರಿ, ರೇಸ್ ಕೊಡಂಗಿಲ್ರಿ" ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಮೇಲಿನ ಗೇರಿನಲ್ಲಿ, ಕಡಿಮೆ ರೇಸಿನಲ್ಲಿ, ಇಂಜಿನ್ ಗೊರ್ ಗೊರ್ ಎನ್ನುತ್ತ ದಿಬ್ಬ ಹತ್ತುತ್ತಿದೆ. ನೋಡುವ ಕಣ್ಣಿಗೆ ನಿಧಾನ. ಒಳಗೆ ಆಗುತ್ತಿರುವುದು ಕೊಲೆ.

ನಮ್ಮ ಜನರ ದೊಡ್ಡ ತಪ್ಪು ಇಲ್ಲೇ ಇದೆ, ನಿಧಾನವನ್ನು ಹಗುರ ಎಂದುಕೊಂಡದ್ದು. ಇಂಜಿನ್ನಿನ ಮೇಲೆ ಬೀಳುವ ಭಾರಕ್ಕೂ ಅದು ತಿರುಗುವ ವೇಗಕ್ಕೂ ನೇರ ಸಂಬಂಧ ಇಲ್ಲ. ಭಾರ ಹೆಚ್ಚಿಟ್ಟು ಸುತ್ತು ಕಡಿಮೆ ಮಾಡಿದರೆ ಒಂದೊಂದು ಹೊಡೆತದ ಬಲವೂ ಹೆಚ್ಚುತ್ತದೆ. ಅದೇ ಹೊತ್ತಿಗೆ ಆಯಿಲ್ ಪಂಪ್ ನಿಧಾನವಾಗಿ ತಿರುಗುತ್ತಿರುತ್ತದೆ. ಬೇರಿಂಗಿನಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ನಿಲ್ಲಬೇಕಾದ ಪದರ ತೆಳುವಾಗುತ್ತದೆ. ಹೊಸ ಬೇರಿಂಗ್ ಇನ್ನೂ ಹೊಂದಿಕೊಂಡಿಲ್ಲದ ದಿನಗಳಲ್ಲಿ ಇದು ನಡೆಯುತ್ತದೆ. ಕೆಳಗಿನ ಗೇರ್ ಹಾಕಿ, ಸ್ವಲ್ಪ ರೇಸ್ ಏರಿಸಿ, ಒಂದೇ ಟ್ರೇಲರ್ ಎಳೆದಿದ್ದರೆ ಸದ್ದು ಹೆಚ್ಚಾಗುತ್ತಿತ್ತು, ಇಂಜಿನ್ ಉಳಿಯುತ್ತಿತ್ತು. ಆದರೆ ಸದ್ದು ಕೇಳಿದರೆ ಮಾಲೀಕನ ಎದೆ ಒಡೆಯುತ್ತದೆ.

ಆಮೇಲೆ ಸಕ್ಕರೆ ಕಾರ್ಖಾನೆಯ ಯಾರ್ಡ್. ಪಾಳಿ ಬರುವವರೆಗೆ ರಾತ್ರಿಯೆಲ್ಲ ಕಾಯಬೇಕು. ಸಾಲು ಆಗಾಗ ಒಂದು ಮಾರು ಮುಂದೆ ಸರಿಯುತ್ತದೆ ಎಂದು, ಚಳಿ ಎಂದು, ಇಂಜಿನ್ ಆರಿಸುವುದಿಲ್ಲ. ಹಗಲು ಮಿತಿ ಮೀರಿದ ಭಾರ, ರಾತ್ರಿ ಖಾಲಿ ಐಡಲ್. ಮಾಡಬಾರದ ಎರಡನ್ನೂ ಒಂದೇ ದಿನದಲ್ಲಿ ಮುಗಿಸಿ, ಎರಡಕ್ಕೂ "ಮೆಲ್ಲಗ" ಎಂದು ಒಂದೇ ಹೆಸರಿಟ್ಟಿದ್ದೇವೆ.

ಇದಕ್ಕೆ ಬರುವ ದೊಡ್ಡ ಎದುರುತ್ತರ ನನಗೆ ಗೊತ್ತು. "ನಮ್ಮಪ್ಪನ ಗಾಡಿ ಮೂವತ್ತು ವರ್ಷ ಬಂತು. ಅಂವಾ ಹಿಂಗಾ ಮೆಲ್ಲಗ ನಡಸಿದಾಂವ." ಗೌರವದಿಂದಲೇ ಹೇಳುತ್ತೇನೆ, ಆ ಗಾಡಿ ಉಳಿದದ್ದು ಮೆಲ್ಲಗೆ ನಡೆಸಿದ್ದರಿಂದ ಅಲ್ಲ. ಆ ಗಾಡಿಗಳ ಕಾಲ ನೆನೆಯಿರಿ. ಎಚ್‌ಎಂಟಿ ಪಿಂಜೋರಿನಲ್ಲಿ ಜೆಟರ್ ಕಂಪನಿಯ ಸಹಯೋಗದಿಂದ ಟ್ರ್ಯಾಕ್ಟರ್ ಮಾಡಲು ಶುರು ಮಾಡಿದ್ದು 1971ರಲ್ಲಿ. ಸ್ವರಾಜ್ ಟ್ರ್ಯಾಕ್ಟರ್ ಬಂದದ್ದು 1974ರಲ್ಲಿ. ಆ ಕಾಲದಲ್ಲಿ ಊರಿಗೊಂದು ಟ್ರ್ಯಾಕ್ಟರ್ ಇದ್ದರೆ ಹೆಚ್ಚು. ಅದು ಬಂದ ಮರುದಿನದಿಂದಲೇ ಇಡೀ ಊರಿನ ಹೊಲ ಹರಗಿತು. ನಿಮ್ಮ ತಂದೆ ಬಾಯಲ್ಲಿ ಮೆಲ್ಲಗೆ ಅಂದಿರಬಹುದು. ಊರಿನ ಮಂದಿ ಅವರ ಗಾಡಿಯನ್ನು ಮೆಲ್ಲಗೆ ಇರಲು ಬಿಡಲಿಲ್ಲ, ರಿಂಗ್ ಕೂತವು. ಇಂದು ಮನೆಗೊಂದು ಟ್ರ್ಯಾಕ್ಟರ್ ಆಗಿದೆ. ಅರ್ಧ ವರ್ಷ ಅದು ಬಾಗಿಲ ಮುಂದೆ ನಿಂತಿರುತ್ತದೆ. ಗಾದೆ ಮಾತ್ರ ಅಂದಿನದೇ ಉಳಿದಿದೆ.

ಆ ಗಾದೆ ಹುಟ್ಟಿದ್ದಕ್ಕೂ ಕಾರಣ ಇತ್ತು. ಅಂದಿನ ಇಂಜಿನ್‌ಗಳ ಒಳಮೈ ಒರಟಾಗಿ ಬರುತ್ತಿತ್ತು, ಬೇಗ ಬಿಸಿಯಾಗಿ ಸೀಜ್ ಆಗುವ ಭಯ ಇತ್ತು. ಬ್ರಿಟನ್ನಿನಲ್ಲಿ ಹೊಸ ಕಾರಿನ ಹಿಂದಿನ ಗಾಜಿಗೆ, ಹೊಸ ಇಂಜಿನ್ ಪಳಗುತ್ತಿದೆ, ಮುಂದೆ ಹೋಗಿ ಎಂದು ಚೀಟಿ ಅಂಟಿಸುವ ರೂಢಿಯೇ ಇತ್ತು. ಈಗಿನ ಲೈನರುಗಳ ಹೋನಿಂಗ್ ಬೇರೆ, ಅಳತೆಯ ನಿಖರತೆ ಬೇರೆ, ಆಯಿಲ್ಲಂತೂ ಪೂರಾ ಬೇರೆ. ಆ ಚೀಟಿ ಅಲ್ಲಿ ಕಾಣೆಯಾಗಿ ಎಷ್ಟೋ ಕಾಲವಾಯಿತು. ನಾವು ಇನ್ನೂ ನಾಲಿಗೆಯ ಮೇಲೆ ಅಂಟಿಸಿಕೊಂಡು ತಿರುಗುತ್ತಿದ್ದೇವೆ.

ಹಾಗಾದರೆ ಹದವಾದ ಭಾರ ಎಂದರೆ ಎಷ್ಟು? ಮೊದಲ ನಾಲ್ಕೈದು ತಾಸು ತುಸು ಹಗುರ. ಆಮೇಲೆ ಮೊದಲೇ ಒಡೆದ ಹೊಲದಲ್ಲಿ ಕಲ್ಟಿವೇಟರ್, ಕುಂಟಿ, ಒಂದೇ ಟ್ರೇಲರಿನಲ್ಲಿ ಮಿತಿಯೊಳಗಿನ ಹೇರು. ಇಂಜಿನ್ನಿನ ಶಕ್ತಿಯ ಅರ್ಧದಿಂದ ಮುಕ್ಕಾಲು ಪಾಲು ಬಳಸುವ ಕೆಲಸ ಎಂದು ಇಟ್ಟುಕೊಳ್ಳಿ. ಒಂದೇ ರೇಸಿನಲ್ಲಿ ತಾಸುಗಟ್ಟಲೆ ಹಿಡಿಯಬಾರದು. ಏರಿಸಬೇಕು, ಇಳಿಸಬೇಕು, ಭಾರ ಕೊಡಬೇಕು, ಸಾಲಿನ ತುದಿಗೆ ಬಂದು ತಿರುಗುವಾಗ ಉಸಿರಾಡಲು ಬಿಡಬೇಕು. ಎರೆ ಹೊಲದಲ್ಲಿ ಸಾಲಿನಿಂದ ಸಾಲಿಗೆ ಹೊರಳುವ ಕೆಲಸ ತನ್ನಿಂದ ತಾನೇ ಇದನ್ನೆಲ್ಲ ಮಾಡಿಸುತ್ತದೆ, ಅದಕ್ಕೆ ಹೊಲಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಡೋಣಿ ಸಾಲಿನ ಎರೆಯಲ್ಲಿ ಆಳದ ಪಲ್ಟಿ, ದಿನವಿಡೀ ರೋಟಾವೇಟರ್, ರಾಶಿ ಮಷಿನ್ನಿಗೆ ಪಿಟಿಒ ಹಚ್ಚಿ ಒಂದೇ ವೇಗದಲ್ಲಿ ಬೆಳತನಕ, ಇವೆಲ್ಲ 50 ತಾಸಿನ ಆಚೆಗಿರಲಿ. ಇದನ್ನು ನಾನು ಕಂಡುಹಿಡಿದದ್ದಲ್ಲ. ಮಧ್ಯಪ್ರದೇಶದ ಬುದನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಇದೆ. ಅಲ್ಲಿಗೆ ಬಂದ ಹೊಸ ಟ್ರ್ಯಾಕ್ಟರಿಗೂ ಮೊದಲು ತಯಾರಕರು ಹೇಳಿದ ಕ್ರಮದಲ್ಲಿ ರನ್ನಿಂಗ್-ಇನ್ ಮಾಡಿಸಿಯೇ ಮುಂದಿನ ಪರೀಕ್ಷೆಗೆ ಒಡ್ಡುತ್ತಾರೆ. ಅಮೆರಿಕದ ಹೊಲ-ಕಾಡುಗಳಲ್ಲಿ ಓಡುವ ನಾಲ್ಕು ಗಾಲಿಯ ಎಟಿವಿ ಬೈಕುಗಳ ಮಾತು ತೆಗೆದುಕೊಂಡರೂ ಅಷ್ಟೇ. ಪೊಲಾರಿಸ್ ಕಂಪನಿಯ ಕೈಪಿಡಿ ಮೊದಲ 25 ತಾಸನ್ನು ಪಳಗಿಸುವ ಅವಧಿ ಎಂದು ಕರೆಯುತ್ತದೆ, ಅದು ಮುಗಿದೊಡನೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ ಎನ್ನುತ್ತದೆ. ನಮ್ಮ ಕೋಲ್ಹಾರದ ರಸ್ತೆಯಲ್ಲೂ ಅಮೆರಿಕದ ಮಿನೆಸೋಟದ ಕಾಡಿನಲ್ಲೂ ಕಬ್ಬಿಣ ಒಂದೇ ರೀತಿ ಸವೆಯುತ್ತದೆ.

ಆಯಿಲ್ ಮಾತಿಗೆ ಬರೋಣ. ಕರ್ರಗಾಗುವವರೆಗೆ ಕಾಯಿರಿ ಎನ್ನುವವರು ಡೀಸೆಲ್ ಇಂಜಿನ್ನಿನ ಆಯಿಲ್ ಎಷ್ಟು ಬೇಗ ಕಪ್ಪಾಗುತ್ತದೆ ಎನ್ನುವುದನ್ನೇ ನೋಡಿಲ್ಲ. ಹೊಸ ಆಯಿಲ್ ಹಾಕಿ ಕೆಲವೇ ತಾಸು ಓಡಿಸಿ ಕಡ್ಡಿ ತೆಗೆಯಿರಿ, ಕಪ್ಪು. ಆಯಿಲಿನಲ್ಲಿ ಬೆರೆಸಿರುವ ಡಿಟರ್ಜೆಂಟ್ ಮಸಿಯನ್ನು ಲೋಹದ ಮೈಯಿಂದ ಬಿಡಿಸಿ ತನ್ನಲ್ಲಿ ಹಿಡಿದುಕೊಳ್ಳುತ್ತಿದೆ ಎಂದು ಆ ಕಪ್ಪಿನ ಅರ್ಥ. ಅಂದರೆ ಆಯಿಲ್ ತನ್ನ ಕೆಲಸ ಮಾಡುತ್ತಿದೆ. ಕಪ್ಪಾಗದೆ ಹೊಳೆಯುವ ಆಯಿಲ್ ಇದ್ದರೆ ಮಸಿ ಒಳಗೇ ಅಂಟಿಕೊಂಡಿದೆಯೇ ಎಂದು ಅನುಮಾನ ಪಡಬೇಕು. ಹೆದರಬೇಕಾದ ಗುರುತುಗಳು ಬೇರೆ ಇವೆ. ಆಯಿಲ್ ಬೆಳ್ಳಗೆ ನೊರೆಗಟ್ಟಿದರೆ ರೇಡಿಯೇಟರಿನ ನೀರು ಸೇರಿದೆ. ಮಟ್ಟ ಏರಿ ಡೀಸೆಲ್ ವಾಸನೆ ಹೊಡೆದರೆ ಡೀಸೆಲ್ ಸೇರಿದೆ. ಎರಡು ಬೆರಳ ನಡುವೆ ತಿಕ್ಕಿದಾಗ ಕರಕರ ಎಂದರೆ ಮಣ್ಣು ಸೇರಿದೆ.

ಮೊದಲ ಆಯಿಲನ್ನು 50 ತಾಸಿನ ಆಸುಪಾಸಿಗೆ ತೆಗೆಯಿರಿ ಎಂದು ಹೆಚ್ಚಿನ ಟ್ರ್ಯಾಕ್ಟರ್ ಕಂಪನಿಗಳು ಹೇಳುವುದು ಅದು ಹಳತಾಯಿತೆಂದಲ್ಲ. ಅದು ಒಳಗನ್ನು ತೊಳೆದ ನೀರು. ರಿಂಗ್-ಲೈನರುಗಳ ಏಣು ಸವೆದು ಉದುರಿದ ಕಬ್ಬಿಣದ ಪುಡಿ, ಪಿಸ್ಟನ್ನಿನ ಅಲ್ಯುಮಿನಿಯಂ, ಬೇರಿಂಗಿನ ಸೀಸ-ತಾಮ್ರ, ಎರಕದ ಸಂದಿಯಲ್ಲಿ ಉಳಿದ ಮರಳಿನ ಕಣ, ಜೋಡಿಸುವಾಗ ಹಚ್ಚಿದ ಅಂಟಿನ ಚೂರು, ಎಲ್ಲವೂ ಅದರಲ್ಲಿವೆ. ಇಂಜಿನ್ನಿನ ಇಡೀ ಆಯುಷ್ಯದಲ್ಲಿ ಇಷ್ಟು ಬೇಗ ಇಷ್ಟು ಲೋಹ ಉದುರುವ ಇನ್ನೊಂದು ಕಾಲ ಇಲ್ಲ, ಕೆಡುವ ಕಾಲವೊಂದನ್ನು ಬಿಟ್ಟು. "ಫಿಲ್ಟರ್ ಯಾಕ ಐತಿ ಮತ್ತ?" ಎಂದು ಕೇಳುವವರಿದ್ದಾರೆ. ಫಿಲ್ಟರ್ ದಪ್ಪ ಕಣ ಹಿಡಿಯುತ್ತದೆ. ಬೇರಿಂಗಿನ ಆಯಿಲ್ ಪದರ ಒಂದು ಮಿಲಿಮೀಟರಿನ ಸಾವಿರದ ಕೆಲವೇ ಪಾಲಿನಷ್ಟು ತೆಳು. ಅದನ್ನು ಗೀರುವಷ್ಟು ಸಣ್ಣ ಕಣ ಫಿಲ್ಟರಿನ ಕಾಗದದಿಂದ ನುಸುಳಿ ಹೋಗುತ್ತದೆ. ಅಷ್ಟೇ ಅಲ್ಲ, ಫಿಲ್ಟರ್ ಕಟ್ಟಿಕೊಂಡಾಗ, ಚಳಿಗೆ ಆಯಿಲ್ ಗಟ್ಟಿಯಾದಾಗ, ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲೇ ಬೇರಿಂಗಿಗೆ ಹೋಗುತ್ತದೆ. ಆಯಿಲ್ ಇಲ್ಲದೆ ಸೀಜ್ ಆಗುವುದಕ್ಕಿಂತ ಕೊಳೆ ಆಯಿಲ್ ವಾಸಿ ಎಂದು ಮಾಡಿದ ವ್ಯವಸ್ಥೆ ಅದು. "250 ತಾಸು ಬಾಳತೈತಿ ಅಂತ ಡಬ್ಬಿ ಮ್ಯಾಲ ಬರದಾರ" ಎನ್ನುವ ವಾದವೂ ಇಲ್ಲಿಗೆ ನಿಲ್ಲುತ್ತದೆ. ಆ ಲೆಕ್ಕ ಪಳಗಿದ ಇಂಜಿನ್ನಿನದು.

ಆದರೆ ಈ ಜಿಪುಣತನದ ಬೇರು ಅಜ್ಞಾನದಲ್ಲಿ ಮಾತ್ರ ಇಲ್ಲ, ಅಪನಂಬಿಕೆಯಲ್ಲೂ ಇದೆ. ಅದಕ್ಕೆ ಕಾರಣ ಕೊಟ್ಟವರು ಮಾರುವವರೇ. ಫ್ರೀ ಸರ್ವೀಸ್ ಎಂದು ಕೂಪನ್ ಕೊಡುತ್ತಾರೆ. ಫ್ರೀ ಇರುವುದು ಕೂಲಿ ಮಾತ್ರ, ಆಯಿಲ್-ಫಿಲ್ಟರಿನ ಎರಡು ಮೂರು ಸಾವಿರ ರೈತನೇ ತೆರಬೇಕು ಎನ್ನುವುದನ್ನು ಗಾಡಿ ಮಾರುವ ದಿನ ಯಾರೂ ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಬಿಲ್ ಕೈಗೆ ಬಂದಾಗ ರೈತ ಮೋಸ ಹೋದೆ ಎಂದುಕೊಂಡರೆ ತಪ್ಪು ಅವನದಲ್ಲ. ಆಯಿಲ್ ಬದಲಿಸದೆಯೇ ಬದಲಿಸಿದ್ದೇವೆ ಎಂದು ಸಿಕ್ಕಾ ಹೊಡೆದುಕೊಟ್ಟ ಗ್ಯಾರೇಜೂ ಇಲ್ಲದಿಲ್ಲ. ಒಪ್ಪುತ್ತೇನೆ. ಆದರೆ ಮಾರುವವನು ಲಾಭಕೋರ ಎಂದ ಮಾತ್ರಕ್ಕೆ ಸಂಪಿನಲ್ಲಿರುವ ಕಬ್ಬಿಣದ ಪುಡಿ ಕರಗಿ ಹೋಗುವುದಿಲ್ಲ. ಸಿಟ್ಟನ್ನು ಮಾರುವವನ ಮೇಲೆ ತೀರಿಸಿಕೊಳ್ಳಿ, ಬೇರಿಂಗಿನ ಮೇಲಲ್ಲ. ಎದುರಿಗೆ ನಿಂತು ಆಯಿಲ್ ಇಳಿಸಿರಿ, ಎದುರಿಗೇ ಡಬ್ಬಿಯ ಸೀಲ್ ಒಡೆಯಿರಿ, ಹಳೆ ಫಿಲ್ಟರನ್ನು ಕೈಗೆ ಇಸಿದುಕೊಳ್ಳಿ.

ಇಳಿಸುವ ರೀತಿಯೂ ಮುಖ್ಯ. ಬೆಳಿಗ್ಗೆ ತಣ್ಣಗಿದ್ದಾಗ ಪ್ಲಗ್ ಬಿಚ್ಚುವುದು ನಮ್ಮಲ್ಲಿ ರೂಢಿ, ಕೈ ಸುಡುವುದಿಲ್ಲ ಎಂದು. ಆಗ ಲೋಹದ ಪುಡಿ ಸಂಪಿನ ತಳದಲ್ಲಿ ಕೂತುಬಿಟ್ಟಿರುತ್ತದೆ, ಮೇಲಿನ ಆಯಿಲ್ ಮಾತ್ರ ಹರಿದು ಹೋಗುತ್ತದೆ. ಹೊಲದಿಂದ ಬಂದ ಬಿಸಿಯಲ್ಲೇ ಸಪಾಟು ನೆಲದಲ್ಲಿ ನಿಲ್ಲಿಸಿ, ಪ್ಲಗ್ ಬಿಚ್ಚಿ, ಕಾಲು ತಾಸು ಹಾಗೇ ಬಿಡಬೇಕು. ಪ್ಲಗ್ಗಿಗೆ ಅಯಸ್ಕಾಂತ ಇದ್ದರೆ ಅದಕ್ಕೆ ಬೂದು ಬಣ್ಣದ ಲೇಪ ಅಂಟಿರುತ್ತದೆ, ಒರೆಸಿ ನೋಡಿ. ನುಣ್ಣನೆಯ ಲೇಪ ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಕಂಪನಿಯವರನ್ನು ಅಂದೇ ಕರೆಸಿ. ಹೊಸ ಫಿಲ್ಟರಿನ ರಬ್ಬರಿಗೆ ಒಂದು ಬೆರಳು ಆಯಿಲ್ ಸವರಿ ಕೈಯಿಂದಲೇ ಬಿಗಿಯಬೇಕು, ಪಾನಾ ಹಾಕಿ ತಿರುವುವ ಶೌರ್ಯ ಬೇಡ. ಕೈಪಿಡಿ ಹೇಳಿದ ಗ್ರೇಡ್ ಹಾಕಬೇಕು. ಈಗಿನ ಹೆಚ್ಚಿನ ಡೀಸೆಲ್ ಟ್ರ್ಯಾಕ್ಟರುಗಳಿಗೆ 15ಡಬ್ಲ್ಯು-40. "ಬಿಸಲ ನಾಡು, ದಪ್ಪನ ಆಯಿಲ್ ಹಾಕು" ಎನ್ನುವವರ ಮಾತಿಗೆ ಕಿವಿಗೊಡಬೇಡಿ, ದಪ್ಪ ಆಯಿಲ್ ಬೆಳಗಿನ ಸ್ಟಾರ್ಟಿನಲ್ಲಿ ಮೇಲಕ್ಕೆ ಏರುವುದೇ ತಡ. ಕಡ್ಡಿಯ ಮೇಲಿನ ಗೆರೆ ದಾಟಿ ತುಂಬಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಸೀಲುಗಳಿಂದ ಸೋರುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎನ್ನುವುದು ಇನ್ನೊಂದು ಸುಳ್ಳು.

ನಮ್ಮ ಸೀಮೆಯಲ್ಲಿ ಇದರ ಜೊತೆಗೇ ನೋಡಬೇಕಾದದ್ದು ಏರ್ ಫಿಲ್ಟರ್. ತೊಗರಿ, ಜೋಳದ ರಾಶಿಯ ದಿನಗಳಲ್ಲಿ ಹೊಟ್ಟು-ಧೂಳಿನ ಮೋಡದೊಳಗೆ ನಿಂತ ಟ್ರ್ಯಾಕ್ಟರಿನ ಆಯಿಲ್ ಬಾತ್ ಬಟ್ಟಲು ದಿನಕ್ಕೊಮ್ಮೆ ತೊಳೆಯಬೇಕು. ಪೈಪಿನ ಒಂದು ಕ್ಲಿಪ್ ಸಡಿಲವಾದರೆ ಎರೆಯ ಧೂಳು ನೇರ ಲೈನರಿಗೆ ಹೋಗಿ ಆಯಿಲ್ ಜೊತೆ ಕಲಸಿ ಅರೆಯಲು ಶುರುವಿಡುತ್ತದೆ. ಮತ್ತೆ ಯಾವ ಬ್ರ್ಯಾಂಡಿನ ಆಯಿಲೂ ಕಾಯುವುದಿಲ್ಲ.

ಹೊಸ ಗಾಡಿಯಿಂದ ಇಳಿಸಿದ ಆಯಿಲನ್ನು ಹಳೆಯ ಟ್ರ್ಯಾಕ್ಟರಿಗೆ ಹಾಕುವ ಪದ್ಧತಿ ಒಂದಿದೆ. "ಇನ್ನಾ ಛಲೋ ಐತಿ, ಯಾಕ ಚೆಲ್ಲೂದು?" ಹೊಸ ಇಂಜಿನ್ನಿನ ಕಬ್ಬಿಣದ ಪುಡಿಯನ್ನೆಲ್ಲ ಒಟ್ಟುಮಾಡಿ ಹಳೆಯ ಇಂಜಿನ್ನಿನ ಬೇರಿಂಗಿಗೆ ಉಣಿಸುವ ಈ ಬುದ್ಧಿವಂತಿಕೆಗೆ ಏನು ಹೇಳಲಿ? ಹಳ್ಳಕ್ಕೆ ಸುರಿಯುವುದಂತೂ ಅದಕ್ಕಿಂತ ಕೆಟ್ಟದ್ದು. ಬಳಸಿದ ಆಯಿಲ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ತುಂಬಿ ಪರವಾನಗಿ ಇರುವ ಮರುಬಳಕೆಯವರಿಗೆ ತಲುಪುವಂತೆ ಸರ್ವೀಸ್ ಸೆಂಟರಿಗೆ ಮರಳಿ ಕೊಡಬೇಕು.

ಬೈಕಿನವರು ಇದು ಟ್ರ್ಯಾಕ್ಟರಿನವರ ಜಗಳ ಎಂದು ಪಕ್ಕಕ್ಕೆ ಸರಿಯಬೇಕಾಗಿಲ್ಲ. ಅಲ್ಲಿಯೂ ಮೊದಲ ಸರ್ವೀಸ್ 500ರಿಂದ 1000 ಕಿಲೋಮೀಟರಿನೊಳಗೆ ಎಂದು ಕೈಪಿಡಿಗಳು ಹೇಳುತ್ತವೆ. ಬೈಕಿನ ಒಂದು ಲೀಟರ್ ಸುತ್ತಮುತ್ತಲಿನ ಆಯಿಲ್ ಇಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ, ಮೂರರ ಪುಡಿಯೂ ಅದರಲ್ಲೇ. ಸಿಂದಗಿಯಿಂದ ವಿಜಯಪುರದವರೆಗೆ ನಾಲ್ಕನೇ ಗೇರಿನಲ್ಲಿ ನಲವತ್ತು ದಾಟದೆ ಒಂದೇ ಸಮ ಹೋಗಿ ಬಂದೆ ಎಂದು ಬೀಗುವ ಹುಡುಗನೂ, ಟ್ರ್ಯಾಕ್ಟರ್ ಮುಂದೆ ಹಾಡು ಹಚ್ಚಿದ ಹುಡುಗನೂ ಒಂದೇ ಗರಡಿಯವರು.

ಈ ರೂಢಿ ಬದಲಾಗಬೇಕಾದರೆ ಲೇಖನ ಸಾಲದು. ಹಿಟ್ಟಿನಹಳ್ಳಿಯ ಮತ್ತು ಇಂಡಿಯ ಕೃಷಿ ವಿಜ್ಞಾನ ಕೇಂದ್ರಗಳು ಬೀಜ, ಗೊಬ್ಬರ, ಕೀಟಗಳ ಬಗ್ಗೆ ತರಬೇತಿ ನಡೆಸುತ್ತವೆ. ಬಸವ ಜಯಂತಿಯ ವಾರದಲ್ಲಿ ಹೊಸ ಟ್ರ್ಯಾಕ್ಟರಿನ ಮೊದಲ 50 ತಾಸಿಗೆಂದೇ ಒಂದು ದಿನ ಇಡಲಿ, ಒಂದು ಹಳೆಯ ಲೈನರ್ ಕತ್ತರಿಸಿ ಗ್ಲೇಜ್ ತೋರಿಸಲಿ. ಮಾರುವವರು ಕನ್ನಡದ ಕೈಪಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಕೊಡುವ ಬದಲು ಆ ಒಂದು ಪುಟವನ್ನಾದರೂ ಬಿಡಿಸಿ ಓದಿ ಹೇಳಲಿ, ಆಯಿಲಿನ ದುಡ್ಡು ಯಾರದೆಂದು ಮೊದಲೇ ತಿಳಿಸಲಿ. ಕಬ್ಬು ಸಾಗಣೆಗೆ ಟ್ರ್ಯಾಕ್ಟರ್ ಕರಾರು ಮಾಡಿಕೊಳ್ಳುವ ಸಕ್ಕರೆ ಕಾರ್ಖಾನೆಗಳು ಕರಾರಿನಲ್ಲಿ ಒಂದು ಸಾಲು ಸೇರಿಸಲಿ: ಮೀಟರ್ 50 ದಾಟಿ, ಆಯಿಲ್ ಬದಲಿಸಿದ ಚೀಟಿ ತೋರಿಸುವವರೆಗೆ ಹೊಸ ಟ್ರ್ಯಾಕ್ಟರಿಗೆ ಎರಡನೆಯ ಟ್ರೇಲರ್ ಇಲ್ಲ.